ಕೂಡಿದ ಮೇಲೆ ನನ್ನವು ಯಾವುವು

ಜೂನ್ 9, ಸೋಮವಾರ

ಗುಬ್ಬಿ,

ಅಲ್ಲ, ನಾನು ಹೇಳುತ್ತಿದ್ದದ್ದೂ ಅದನ್ನೇ. ನೀನು ಬಸ್ಸಿನ ಕಿಟಕಿಯಿಂದ ಕೈ ಆಡಿಸಿ ನನ್ನ ಬಾಯಿ ಮುಚ್ಚಿಸಿಬಿಟ್ಟೆ. ಮೂರು ಅಂದರೇನು ಅಂತಲೇ ಗೊತ್ತಿಲ್ಲದವರಿಗೆ ಮೂರು ಕೂಡಿಸು ಎರಡು ಅಂದರೆ ಏನು ತಿಳಿದೀತು? “ಮೊದಲು ಕೈ, ಭಾವ, ಆಮೇಲೆ ಅಂಕಿ” ಅಂತ ನೀನು ಅಂದೆ. ಅಷ್ಟರಲ್ಲಿ ಮಗು ಅತ್ತಿತು, ಕಂಡಕ್ಟರು ಬಾಗಿಲು ಬಡಿದ, ಬಸ್ಸು ಹೊರಟಿತು. ನೀನು ನುಂಗಿದ ಅರ್ಧ ಮಾತಿಗಾಗಿ ನಾನು ಇವತ್ತು ಮೂವತ್ತೆಂಟು ಮಕ್ಕಳ ಮುಂದೆ ಬೆವರು ಒರೆಸಿಕೊಂಡೆ.

ನೂಲಿನ ಮಿಲ್ಲಿನ ಉಗ್ರಾಣದಲ್ಲಿ ಕೂದಲು ಬೆಳ್ಳಗಾಗುವ ತನಕ ಲೆಕ್ಕ ಇಟ್ಟವನಿಗೆ ಒಂದನೇ ಕ್ಲಾಸಿನ ಲೆಕ್ಕ ಯಾವ ಮಹಾ ಅಂತ ದೊಡ್ಡ ಟೀಚರ್ ಮುಂದೆ ಜಂಬ ಕೊಚ್ಚಿಕೊಂಡಿದ್ದೆನಲ್ಲ, ಅದು ಮೊದಲ ಪೀರಿಯಡ್ಡಿಗೇ ಇಳಿಯಿತು. ಬೋರ್ಡಿನ ಮೇಲೆ 3 + 2 ಬರೆದೆ. ಎಲ್ಲರೂ ರಾಗವಾಗಿ “ಐದೂ” ಎಂದರು. ಭಲೇ ಎಂದುಕೊಂಡು 4 + 2 ಬರೆದೆ. ಅದೇ ರಾಗದಲ್ಲಿ “ಐದೂ” ಎಂದರು. ನಿನ್ನ ಮೊದಲ ಬೆಂಚಿನ ಕೆಮ್ಮಣ್ಣ ಕೆಮ್ಮುತ್ತಲೇ ಎದ್ದು ನಿಂತು, “ತಾತ, ಟೀಚರ್ ಯಾವಾಗ ಬರ್ತಾರೆ?” ಅಂತ ಕೇಳಿದ. ಲೆಕ್ಕಕ್ಕಿಂತ ಅದು ಸರಿಯಾದ ಪ್ರಶ್ನೆ.

ಆಗಸ್ಟ್ ಕೊನೆಗೆ ಬರುತ್ತಾರೆ ಅಂದೆ. ನಾನು ಬರೀ ಟೆಂಪೊರರಿ ಅರೇಂಜ್‌ಮೆಂಟ್ ಅಂತಲೂ ಅಂದೆ. ಅದು ಅವರಿಗೆ ತುಂಬ ಹಿಡಿಸಿತು, ಹೊರಗೆ ಹೋಗುವಾಗ ಅದನ್ನೇ ಹಾಡಿಕೊಂಡು ಹೋದರು.

ನಾಳೆ ಉಗ್ರಾಣದಿಂದ ಖಾಲಿ ರೀಲು ತರುತ್ತೇನೆ. ನೀನು ಅತ್ತೆಯವರ ಕಣ್ಣಿನ ಆಪರೇಷನ್ ಮುಗಿಸಿಕೊಂಡು, ಮಗುವಿಗೆ ಕತ್ತು ನಿಲ್ಲಿಸಿಕೊಂಡು ಬಾ. ನಿನ್ನ ಕುರ್ಚಿ ನನಗೆ ಚಿಕ್ಕದು, ಮೊಣಕಾಲು ಮೇಜಿಗೆ ತಗಲುತ್ತದೆ. ಹೇಗೋ ಕಾಯುತ್ತೇನೆ. ನಿನ್ನ ಅಕ್ಕ ಇದ್ದಿದ್ದರೆ ಇದನ್ನು ನೋಡಿ ಒಂದು ವಾರ ನಗುತ್ತಿದ್ದಳು.

ಮಿಕ್ಕ ಅರ್ಧ ಮಾತನ್ನು ಬರೆದು ಕಳಿಸು.

ನಿನ್ನ ಭಾವ


ಜೂನ್ 17

ಭಾವ,

ಮಿಕ್ಕ ಅರ್ಧ ಇದು. ಬೋರ್ಡನ್ನು ಒಂದು ತಿಂಗಳು ಮರೆತುಬಿಡಿ. ಕೂಡಿಸು ಅನ್ನಲೂ ಬೇಡಿ. ಎಡಗಡೆ ಒಂದು ಗುಂಪು, ಬಲಗಡೆ ಒಂದು ಗುಂಪು ಇಡಿಸಿ. ಎರಡು ಕೈಯಿಂದಲೂ ಎದೆ ಹತ್ತಿರ ಎಳ್ಕೋ ಅನ್ನಿ. ಎಳೆದುಕೊಳ್ಳುವಾಗ ರೀಲು ಒಂದಕ್ಕೊಂದು ತಗಲಿ ಸದ್ದು ಆಗಬೇಕು. ಆ ಸದ್ದೇ ಕೂಡುವುದು. ಆಮೇಲೆ ಎಣಿಸಲಿ. ಬೆರಳಿಟ್ಟು ಎಣಿಸಲಿ, ಎಣಿಸಿದ್ದನ್ನು ಪಕ್ಕಕ್ಕೆ ಸರಿಸಲಿ, ಇಲ್ಲದಿದ್ದರೆ ಒಂದನ್ನೇ ಎರಡು ಸಲ ಎಣಿಸುತ್ತಾರೆ. ನೀವು ನೋಡಿಕೊಂಡು ಸುಮ್ಮನಿರಿ. ನಿಮಗೆ ಅದು ಕಷ್ಟ, ಗೊತ್ತು.

ಕೆಮ್ಮಣ್ಣನನ್ನು ಕಿಟಕಿಯಿಂದ ದೂರ ಕೂರಿಸಿ. ಮಿಲ್ಲಿನ ಹತ್ತಿ ದೂಳು ಅಲ್ಲಿಂದಲೇ ಬರುವುದು.

ಇಲ್ಲಿ ಅತ್ತೆಯವರಿಗೆ ಎರಡೂ ಕಣ್ಣಲ್ಲಿ ಪೊರೆ. ಬಾಗಿಲು ಯಾವುದು, ಕಿಟಕಿ ಯಾವುದು ಅಷ್ಟು ಕಾಣುತ್ತದೆ. ಆಪರೇಷನ್ನಿಗೆ ಜುಲೈ ಮೊದಲ ವಾರ ದಿನ ಕೊಟ್ಟಿದ್ದಾರೆ. ಇವರು ಲಾರಿ ತೆಗೆದುಕೊಂಡು ಹೋದವರು ತಿಂಗಳ ಕೊನೆಗೆ ಬರುತ್ತಾರೆ. ಮಗು ಬೋರಲು ಬಿದ್ದು ಮತ್ತೆ ತಿರುಗಲು ಬಾರದೆ ಪೊಲೀಸರನ್ನು ಕರೆದ ಹಾಗೆ ಕೂಗುತ್ತದೆ. ಅಡುಗೆಮನೆ ಕಿಟಕಿ ತೆಗೆದರೆ ಎದುರುಮನೆಯ ಗೋಡೆ, ಕೈಗೆ ಸಿಗುವಷ್ಟು ಹತ್ತಿರ. ದಿನಾ ಅದರ ಮೇಲೆ ಬೆರಳಿಂದ ಪಾಠದ ಟಿಪ್ಪಣಿ ಬರೆಯುತ್ತೇನೆ. ನಗಬೇಡಿ.

ಗುಬ್ಬಿ


ಜುಲೈ 1, ಮಂಗಳವಾರ

ಗುಬ್ಬಿ,

ನಿನ್ನ ಮಕ್ಕಳಿಗೆ ಏನೋ ಆಗಿದೆ. ನನಗೆ ಆಗಿರಲಿಕ್ಕಿಲ್ಲ ಅಂತ ಇಟ್ಟುಕೊಂಡು ಬರೆಯುತ್ತಿದ್ದೇನೆ.

ರೀಲು ಚೆನ್ನಾಗಿ ನಡೆಯುತ್ತಿತ್ತು. ಎದೆಗೆ ಎಳೆದುಕೊಳ್ಳುವಾಗ ಆ ಸದ್ದು ಬಂದರೆ ಎಲ್ಲರಿಗೂ ಕಚಗುಳಿ ಇಟ್ಟ ಹಾಗೆ. ನನಗೆ ‘ರೀಲ್ ತಾತ’ ಅಂತ ಹೆಸರು ಬಿದ್ದಾಯಿತು. ಅಷ್ಟರಲ್ಲಿ ಉಗ್ರಾಣದ ಹೊಸ ಬಾಬು ಬಂದು, “ಸಾರ್, ಖಾಲಿ ರೀಲು ಗುಜರಿಗೆ ಹೋಗ್ಬೇಕು, ಇಲ್ಲಾಂದ್ರೆ ನನ್ನ ಲೆಕ್ಕ ತಪ್ಪತ್ತೆ” ಎಂದು ಚೀಲಕ್ಕೆ ತುಂಬಿಕೊಂಡು ಹೋದ. ಅವನಿಗೆ ಅಷ್ಟು ಕಟ್ಟುನಿಟ್ಟು ಕಲಿಸಿದವನು ನಾನೇ, ಯಾರನ್ನು ಬಯ್ಯಲಿ.

ಬಿ ದಟ್ ಆಸ್ ಇಟ್ ಮೇ. ಇದರ ಅರ್ಥವನ್ನು ಕಾಲೇಜಿನಲ್ಲಿ ನಮ್ಮ ಪ್ರೊಫೆಸರು ಹೇಳಿದ್ದರು, ಮರೆತಿದ್ದೇನೆ, ಆದರೆ ಮಾತು ತಿರುಗಿಸುವುದಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಗೇಟಿನ ಹತ್ತಿರದ ಐಸ್‌ಕ್ಯಾಂಡಿಯವನಿಂದ ಒಂದು ಕಟ್ಟು ಕಡ್ಡಿ ತಂದೆ. ಈಗ ಗುರುತು ಕಲಿಸುವ ಹೊತ್ತಾಯಿತು ಅಂದುಕೊಂಡು ನೆಲದ ಮೇಲೆ ದೊಡ್ಡದಾಗಿ ಲೆಕ್ಕ ಜೋಡಿಸಿದೆ. ಮೂರು ಕಡ್ಡಿ. ಆಮೇಲೆ ಎರಡು ಕಡ್ಡಿಯನ್ನು ಒಂದರ ಮೇಲೊಂದು ಅಡ್ಡ ಇಟ್ಟು ಕೂಡುವ ಗುರುತು. ಆಮೇಲೆ ಎರಡು ಕಡ್ಡಿ. ಎಳೆದುಕೊಳ್ಳಿ, ಎಣಿಸಿ ಎಂದೆ.

“ಏಳು.”

ಒಬ್ಬನಲ್ಲ, ಎಲ್ಲರೂ. ನಾಲ್ಕು ಒಂದು ಇಟ್ಟೆ, ಏಳು. ಎರಡು ಎರಡು ಇಟ್ಟೆ, ಆರು. ಒಂದು ಒಂದು ಇಟ್ಟೆ, ನಾಲ್ಕು. ಒಂದು ವಾರದಿಂದ ಹೀಗೇ. ರೀಲಿನಲ್ಲಿ ಬಂದದ್ದು ಕಡ್ಡಿಗೆ ಯಾಕೆ ಬರುವುದಿಲ್ಲ? ನಿನ್ನೆ ದೊಡ್ಡ ಟೀಚರ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, “ಮೇಷ್ಟ್ರೇ, ಇದು ಯಾವ ಸಿಲಬಸ್ಸು?” ಅಂದರು. ನನ್ನ ಕಿವಿ ಬಿಸಿಯಾಯಿತು.

ಇನ್ನೊಂದು. ದರ್ಜಿಯವಳ ಮಗಳು, ಎರಡು ಜಡೆ, ಮಾತು ಕಡಿಮೆ. ಮನೆಯಿಂದ ಮೂರು ಗುಂಡಿ ತಂದಿದ್ದಳು, ಅಂಗಿಯ ಬಿಳಿ ಗುಂಡಿ. ಪಕ್ಕದವಳ ಹತ್ತಿರವೂ ಅಂಥವೇ ನಾಲ್ಕು. ಕೂಡಿಸಿ ಎಂದೆ. ಇವಳು ಮುಷ್ಟಿ ಬಿಗಿಹಿಡಿದಳು.

“ಕೂಡಿದ ಮೇಲೆ ನನ್ನವು ಯಾವುವು?”

“ಎಲ್ಲಾ ಸೇರಿ ಏಳು ಕಣಮ್ಮ.”

“ಏಳು ಯಾರದು?”

ಕ್ಲಾಸಿನದು ಅಂದೆ. ಅತ್ತಳು. ಗಂಟೆ ಹೊಡೆಯುವವರೆಗೂ ಮುಷ್ಟಿ ತೆಗೆಯಲಿಲ್ಲ. ಬೆರಳು ಬಿಡಿಸಿ ನೋಡಿದರೆ ಅಂಗೈ ಮೇಲೆ ಗುಂಡಿಯ ತೂತಿನ ಅಚ್ಚು ಮೂಡಿತ್ತು. ಇಂಥ ಮೊಂಡುತನಕ್ಕೆ ನಿಮ್ಮ ಟ್ರೈನಿಂಗಿನಲ್ಲಿ ಏನು ಹೇಳುತ್ತಾರೆ?

ಭಾವ


ಜುಲೈ 10

ಭಾವ,

ಮಕ್ಕಳು ಸರಿಯಾಗೇ ಎಣಿಸಿದ್ದಾರೆ. ನೀವು ಕೂಡುವ ಗುರುತನ್ನು ಯಾವುದರಲ್ಲಿ ಮಾಡಿದಿರಿ? ಅದೇ ಕಟ್ಟಿನ ಎರಡು ಕಡ್ಡಿಯಲ್ಲಿ. ನೆಲದ ಮೇಲಿದ್ದ ಕಡ್ಡಿಗಳನ್ನೆಲ್ಲ ಎಳೆದುಕೊಳ್ಳಿ ಅಂದಿರಿ, ಅವರು ಎಳೆದುಕೊಂಡರು. ಮೂರು, ಎರಡು, ಮತ್ತೆ ಎರಡು. ಏಳಲ್ಲದೆ ಇನ್ನೇನು ಬರಬೇಕು? ಗುರುತನ್ನು ಸೀಮೆಸುಣ್ಣದಲ್ಲಿ ಬರೆಯಿರಿ. ಕೈಗೆ ಸಿಗದ ಹಾಗಿರಬೇಕು ಅದು.

ನಿಮ್ಮ ಪತ್ರವನ್ನು ಅತ್ತೆಯವರಿಗೆ ಓದಿ ಹೇಳಿದೆ. ಒಂದು ಒಂದು ನಾಲ್ಕು ಅನ್ನುವಾಗ ನಕ್ಕು ನಕ್ಕು ಕೆಮ್ಮಿದರು. ಅಂಚೆಯವನ ಸೈಕಲ್ ಸದ್ದು ಕೇಳಿದರೆ ಈಗ ಅವರೇ ಮೊದಲು ಏಳುವುದು. “ರೀಲ್ ತಾತ ಏನು ಬರೆದಿದಾರೆ, ಓದು” ಅನ್ನುತ್ತಾರೆ. ಪೂರ್ತಿ ಓದು ಅನ್ನುತ್ತಾರೆ. ಬರೆಯುವಾಗ ಇದು ನಿಮಗೆ ನೆನಪಿರಲಿ.

ಆಪರೇಷನ್ ಮುಂದಕ್ಕೆ ಹೋಗಿದೆ. ಹಿಂದಿನ ದಿನ ನೆಗಡಿ ಅಂದರು.

ಗುಂಡಿಯ ಹುಡುಗಿ ಮೊಂಡಿ ಅಲ್ಲ. ಅವಳ ಗುಂಡಿಗಳ ತೂತಿಗೆ ಒಂದೊಂದು ಕೆಂಪು ದಾರ ಕಟ್ಟಿ ಕೊಡಿ. ಆಮೇಲೆ ಕೂಡಿಸಲಿ, ಏಳು ಅಂತ ಎಣಿಸಲಿ, ಎಣಿಸಿದ ಮೇಲೆ ಅವಳ ಮೂರನ್ನು ಅವಳು ವಾಪಸ್ ತೆಗೆದುಕೊಳ್ಳಲಿ. ವಾಪಸ್ ಬರುತ್ತದೆ ಅಂತ ಗೊತ್ತಿದ್ದರೆ ಮಾತ್ರ ಕೊಡುವುದಕ್ಕೆ ಕೈ ಬಿಚ್ಚುತ್ತದೆ. ಉಳಿದದ್ದು ಮರೆತರೂ ಇದನ್ನು ಮರೆಯಬೇಡಿ.

ಗುಬ್ಬಿ


ಜುಲೈ 20, ಭಾನುವಾರ

ಗುಬ್ಬಿಗೂ, ಕೇಳುತ್ತಿರುವ ಅಮ್ಮನವರಿಗೂ,

ಅಮ್ಮ, ನಿಮ್ಮ ನೆಗಡಿ ಹೇಗಿದೆ? ನನ್ನ ಪತ್ರಕ್ಕೆ ಇಬ್ಬರು ಓದುಗರಿದ್ದಾರೆ ಅಂತ ತಿಳಿದ ಮೇಲೆ ನಾನು ತಲೆ ಬಾಚಿಕೊಂಡು ಬರೆಯಲು ಕೂರುತ್ತಿದ್ದೇನೆ.

ಗುಬ್ಬಿ, ಸೀಮೆಸುಣ್ಣ ಗೆದ್ದಿತು. ನಿನ್ನ ಪತ್ರ ಓದಿ ಹಣೆ ಹಣೆ ಬಡಿದುಕೊಂಡೆ. ನಾನು ಮಕ್ಕಳ ಮುಖ ನೋಡುತ್ತಿದ್ದೆ, ನೀನು ಅಷ್ಟು ದೂರದಿಂದ ಅವರ ಕೈ ನೋಡಿದೆ. ಈಗ ಮೂರು ಎರಡು ಐದೇ. ಕೆಮ್ಮಣ್ಣ ಎಂಟರವರೆಗೆ ಬಂದಿದ್ದಾನೆ. ಕೆಂಪು ದಾರದ ಹುಡುಗಿ ದಿನಾ ಮೊದಲು ಬಂದು ನನ್ನ ಮೇಜಿನ ಮೇಲೆ ತನ್ನ ಮೂರನ್ನು ಇಟ್ಟು, ಸಂಜೆ ಎಣಿಸಿಕೊಂಡು ಹೋಗುತ್ತಾಳೆ, ಬ್ಯಾಂಕಿನವರ ಹಾಗೆ. ಮೊನ್ನೆ ಪಕ್ಕದವಳಿಗೆ ಒಂದನ್ನು ತಾನಾಗಿಯೇ ಕೊಟ್ಟು, “ಸಂಜೆ ಕೊಡ್ಬೇಕು ಆಯ್ತಾ” ಅಂದಳು.

ಮೊನ್ನೆ ದೊಡ್ಡ ಟೀಚರ್ ಹಿಂದಿನ ಬೆಂಚಿನಲ್ಲಿ ಇಡೀ ಪೀರಿಯಡ್ ಕೂತಿದ್ದರು. ಹೋಗುವಾಗ, “ನಿಮಗೆ ಇದು ಒಲಿದಿದೆ ಮೇಷ್ಟ್ರೇ” ಅಂದರು. ಅರವತ್ತರ ಮೇಲೆ ಯಾರಾದರೂ ನಮಗೆ ಏನಾದರೂ ಒಲಿದಿದೆ ಅಂದರೆ ಆ ಸಂಜೆ ಊಟ ಎರಡು ತುತ್ತು ಹೆಚ್ಚು. ಬೆಳಿಗ್ಗೆ ಎದ್ದರೆ ಹೋಗುವುದಕ್ಕೆ ಒಂದು ಜಾಗ ಇದೆಯಲ್ಲ, ನಿನ್ನ ಅಕ್ಕ ಹೋದ ಮೇಲೆ ಅದೇ ಇರಲಿಲ್ಲ.

ಆದ್ದರಿಂದ ನೀನು ಇಲ್ಲಿಯ ಚಿಂತೆ ಹಚ್ಚಿಕೊಳ್ಳಬೇಡ. ಆಪರೇಷನ್ ಆಗಲಿ, ಮಗು ಗಟ್ಟಿಯಾಗಲಿ. ನಿಧಾನವಾಗಿ ಬಾ. ಕ್ಲಾಸು ನನ್ನ ಕೈಯಲ್ಲಿ ಸೇಫ್ ಅಂಡ್ ಸೌಂಡ್. ಸೌಂಡಂತೂ ಬೇಕಾದಷ್ಟಿದೆ.

ಭಾವ


ಆಗಸ್ಟ್ 3

ಭಾವನವರಿಗೆ,

ಇಲ್ಲಿ ಎಲ್ಲರೂ ಸೌಖ್ಯ. ತಮ್ಮ ಪತ್ರ ತಲುಪಿತು. ಶಾಲೆ ಚೆನ್ನಾಗಿ ನಡೆಯುತ್ತಿರುವುದು ತಿಳಿದು ಸಂತೋಷವಾಯಿತು. ಮಗುವಿಗೆ ತಾಯಿ ಹತ್ತಿರವೇ ಇರಬೇಕಾದ ವಯಸ್ಸು. ಮನೆಯಲ್ಲಿ ಹಿರಿಯರಿಗೂ ಕಣ್ಣು ಕಾಣುವುದಿಲ್ಲ. ಹೇಗೂ ತಾವೇ ಇದ್ದೀರಲ್ಲ, ಮಕ್ಕಳಿಗೂ ತಾವು ಒಗ್ಗಿದ್ದೀರಿ. ಆದ್ದರಿಂದ ನಾನು ಕೆಲಸಕ್ಕೆ ಮರಳುವ ವಿಚಾರ ಸದ್ಯಕ್ಕೆ ಬೇಡವೆಂದು ಮನೆಯಲ್ಲಿ ಎಲ್ಲರ ಅಭಿಪ್ರಾಯ. ದೊಡ್ಡ ಟೀಚರ್ ಅವರಿಗೆ ತಾವೇ ತಿಳಿಸಬೇಕು.

ಆಪರೇಷನ್ ಮತ್ತೆ ಮುಂದಕ್ಕೆ ಹೋಗಿದೆ.

ಇಂತಿ


ಆಗಸ್ಟ್ 8, ಶುಕ್ರವಾರ

ಗುಬ್ಬಿ,

ತಮ್ಮ ಪತ್ರ ತಲುಪಿತು. ನಾನೂ ‘ತಮ್ಮ’ ಅಂತಲೇ ಬರೆಯುತ್ತೇನೆ, ಕೂಡಲಿ ಲೆಕ್ಕ.

ಓದಿ ಎರಡು ದಿನ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ. ಒಂಬತ್ತು ವರ್ಷದ ಹುಡುಗಿ ಬಟ್ಟೆ ಗಂಟಿನ ಜೊತೆ ನಮ್ಮ ಮನೆಗೆ ಬಂದಾಗ ನಿನ್ನ ಅಕ್ಕ, “ಇವಳು ಯಾರ ಹಂಗಲ್ಲೂ ಇರ್ಬಾರ್ದು, ಓದಿಸ್ಬೇಕು ರೀ” ಅಂದಳು. ಓದಿಸಿದೆವು. ಟ್ರೈನಿಂಗಿಗೆ ಸೇರಿದ ದಿನ ನೀನು ಕಡ್ಡಿ, ಮಣಿ, ಬೆಣಚುಕಲ್ಲು ತುಂಬಿದ ಡಬ್ಬಿಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗಿದ್ದೆ, ಕೆಳಗೆ ಇಡಲೇ ಇಲ್ಲ. ಅವಳೇ ಇವಳಾ ಅಂತ ಯೋಚಿಸುತ್ತಿದ್ದೇನೆ. ತಪ್ಪು ಅಂತ ಹೇಳುತ್ತಿಲ್ಲ. ಮಗು ಮರಿ ಅಂದರೆ ಎಲ್ಲರಿಗೂ ಮನಸ್ಸು ತಿರುಗುತ್ತದೆ. ಸುಖವಾಗಿದ್ದೀಯ ಅಂತಾದರೆ ನಾನು ಯಾರು ಮಧ್ಯೆ?

ದೊಡ್ಡ ಟೀಚರ್‌ಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. “ಸೆಪ್ಟೆಂಬರ್ ಒಂದು, ಸೋಮವಾರ. ಅವತ್ತು ಬೆಳಿಗ್ಗೆ ಬಂದು ಹಾಜರಿ ಹಾಕಿದ್ರೆ ಕೆಲಸ ಅವಳದು. ಇಲ್ಲಾಂದ್ರೆ ಕಮಿಟಿಯವರು ಬೇರೆಯವರನ್ನ ಹಾಕ್ತಾರೆ. ಒಂದ್ಸಲ ಹೋಯ್ತು ಅಂದ್ರೆ ಹೋಯ್ತು” ಅಂದರು. ಆಮೇಲೆ ದನಿ ಇಳಿಸಿ, “ನೀವೇ ಯಾಕೆ ಮುಂದುವರೀಬಾರ್ದು ಮೇಷ್ಟ್ರೇ? ನಾನು ಬರೆದುಕೊಡ್ತೀನಿ” ಅಂದರು.

ನಾನು ಯೋಚಿಸಿ ಹೇಳುತ್ತೇನೆ ಅಂದೆ. ನಿನ್ನಿಷ್ಟ ಏನೋ ನೀನು ನೇರವಾಗಿ ಬರೆ.

ಭಾವ


ಆಗಸ್ಟ್ 14

ಭಾವ,

ಇದನ್ನು ಮಹಡಿ ಮೇಲಿನ ಮನೆಯ ನರ್ಸಮ್ಮನ ಕೈಯಲ್ಲಿ ಕೊಟ್ಟು ಡಬ್ಬಿಗೆ ಹಾಕಿಸುತ್ತಿದ್ದೇನೆ. ಉತ್ತರದಲ್ಲಿ ಇದರ ಮಾತೇ ಎತ್ತಬೇಡಿ.

ಮೂರನೇ ತಾರೀಕಿನ ಪತ್ರ ನನ್ನ ಕೈಬರಹ, ಮಾತು ನನ್ನದಲ್ಲ. ಅತ್ತೆ ಪಕ್ಕದಲ್ಲಿ ಕೂತು ಹೇಳಿದರು, ನಾನು ಬರೆದೆ. ಬರೆದಾದ ಮೇಲೆ ಓದು ಅಂದರು, ಓದಿದೆ. ಒಂದು ಪದ ಬದಲಾಯಿಸಿದ್ದರೂ ಅವರಿಗೆ ಗೊತ್ತಾಗುತ್ತಿತ್ತು. ಕಣ್ಣು ಹೋದ ಮೇಲೆ ಅವರ ಕಿವಿ ಸೂಜಿಯ ಹಾಗಾಗಿದೆ. ಎಂಟನೇ ತಾರೀಕಿನ ನಿಮ್ಮ ಪತ್ರವನ್ನೂ ಅವರಿಗೇ ಓದಬೇಕಾಯಿತು. ಅಕ್ಕನ ಮಾತು ಬಂದ ಜಾಗ ಹಾರಿಸಿದೆ. “ಯಾಕೆ ನಿಲ್ಲಿಸಿದೆ?” ಅಂದರು. ಮಗು ಎದ್ದಿತು ಅಂದೆ.

ಅವರು ಕೆಟ್ಟವರಲ್ಲ. ಬಯ್ಯುವುದಿಲ್ಲ, ಹೊಡೆಯುವುದಿಲ್ಲ. ರಾತ್ರಿ ನೀರು ಕುಡಿಯಲು ಎದ್ದರೆ, “ಎಲ್ಲಿಗೆ?” ಅನ್ನುತ್ತಾರೆ, ಅಷ್ಟೆ. ಹಗಲೂ ಅದೇ. ಬಟ್ಟೆ ಒಣಗಿಸಲು ಹೋದರೆ ಎಲ್ಲಿಗೆ, ಕಸ ಹಾಕಲು ಹೋದರೆ ಎಲ್ಲಿಗೆ. ಆಪರೇಷನ್ ಮುಂದಕ್ಕೆ ಹಾಕಿಸಿದವರು ಡಾಕ್ಟರಲ್ಲ, ಅವರೇ. ಎರಡು ಸಲವೂ. ಕಣ್ಣು ಬಂದರೆ ನಾನು ಹೊರಡುತ್ತೇನಲ್ಲ. ನನ್ನನ್ನು ಉಳಿಸಿಕೊಳ್ಳಲು ಅವರು ಕತ್ತಲಲ್ಲಿ ಕೂತಿದ್ದಾರೆ. ಅಂಥವರ ಜೊತೆ ಹೇಗೆ ಜಗಳ ಆಡುವುದು, ನೀವೇ ಹೇಳಿ.

ಇವರಿಗೆ ಹೇಳಿದೆ. “ನೀವಿಬ್ರೂ ಮಾತಾಡ್ಕೊಳ್ಳಿ, ನಾನು ಮಧ್ಯೆ ಬರಲ್ಲ” ಅಂದರು. ಲಾರಿ ಸ್ಟಾರ್ಟ್ ಮಾಡಿಕೊಂಡು ಹೋದರು.

ನಾನು ಸೆಪ್ಟೆಂಬರ್ ಒಂದು ಅಂದಾಗಲೆಲ್ಲ ಅತ್ತೆಯ ಹತ್ತಿರ ಒಂದೇ ಉತ್ತರ, “ನಿಮ್ಮ ಭಾವ ಇದಾರಲ್ಲ.” ನೀವು ಚೆನ್ನಾಗಿ ಪಾಠ ಮಾಡಿದೆ ಅಂತ ಬರೆದ ಒಂದೊಂದು ಪತ್ರವೂ ಇಲ್ಲಿ ಒಂದೊಂದು ಚಿಲಕವಾಗಿದೆ. ನನಗೋಸ್ಕರ ಕುರ್ಚಿ ಕಾಯುತ್ತಿದ್ದೀರಿ ಅಂತ ಗೊತ್ತು. ಆದರೆ ಕುರ್ಚಿ ತುಂಬಿದೆ ಅಂತ ಇಲ್ಲಿಗೆ ಕೇಳಿಸುತ್ತದೆ.

ಕರೆದುಕೊಂಡು ಹೋಗಲು ಬರುತ್ತೇನೆ ಅನ್ನಬೇಡಿ. “ಅಕ್ಕನೇ ಇಲ್ಲದ ಮೇಲೆ ಭಾವ ಏನಾಗಬೇಕು?” ಅಂತ ಇಲ್ಲಿ ಆಗಲೇ ಒಂದು ಮಾತು ಬಂದಿದೆ. ನೀವು ಅಲ್ಲಿಂದ ಹೊರಟರೆ ಅಲ್ಲಿ ಕೆಲಸ ಹೋಗುತ್ತದೆ, ಇಲ್ಲಿ ಮಾನ ಹೋಗುತ್ತದೆ.

ಸುಖವಾಗಿದ್ದೀಯ ಅಂತ ಕೇಳಿದಿರಿ. ಎದುರುಗೋಡೆಯ ಮೇಲೆ ಈಗ ಏನೂ ಬರೆಯುತ್ತಿಲ್ಲ.

ಗುಬ್ಬಿ


ಆಗಸ್ಟ್ 20, ಬುಧವಾರ

ಗುಬ್ಬಿ,

ಇದನ್ನು ಅಮ್ಮನವರ ಪಕ್ಕದಲ್ಲಿ ಕೂತು ಓದು. ಎಲ್ಲೂ ಹಾರಿಸಬೇಡ, ಮಗು ಎದ್ದರೆ ಎತ್ತಿಕೊಂಡು ಓದು.

ಅಮ್ಮ, ಇದು ನಿಮಗೆ. ಇವತ್ತು ಮಧ್ಯಾಹ್ನ ದೊಡ್ಡ ಟೀಚರ್ ಕೋಣೆಗೆ ಹೋಗಿ, ನನ್ನಿಂದ ಆಗುವುದಿಲ್ಲ ಅಂತ ಹೇಳಿ ಬಂದೆ. ಮೂವತ್ತನೇ ತಾರೀಕು ಶನಿವಾರ ನನ್ನ ಕೊನೆಯ ದಿನ.

“ಯಾಕೆ, ಸಂಬಳ ಸಾಲದೇ?” ಅಂದರು.

“ಅದಲ್ಲ ಮೇಡಂ.”

“ಮಕ್ಕಳ ಗಲಾಟೆಯೇ?”

“ಗಲಾಟೆ ಇಲ್ದೇ ಇದ್ರೆ ನನಗೆ ಈಗ ನಿದ್ದೆ ಬರಲ್ಲ.”

“ಮತ್ತಿನ್ನೇನು? ಯಾರು ಬರ್ತಾರೆ ಅಂತ ಬಿಡ್ತಿದೀರಿ?”

“ಯಾರೂ ಇಲ್ಲಾಂದ್ರೆ ಮಾತ್ರ ಯಾರಾದ್ರೂ ಬರ್ತಾರೆ ಮೇಡಂ” ಅಂದೆ. ಅವರು ನನ್ನನ್ನು ವಯಸ್ಸಾದವರನ್ನು ನೋಡುವ ಹಾಗೆ ನೋಡಿ, “ಹುಷಾರಾಗಿದೀರಾ?” ಅಂದರು. ಫಿಟ್ ಆಸ್ ಎ ಏನೋ ಅನ್ನಲು ಹೋದೆ, ಏನು ಅಂತ ನೆನಪಾಗಲಿಲ್ಲ. ಬರೀ ಫಿಟ್ ಎಂದೆ.

ಅಮ್ಮ, ನಾನು ಇದ್ದೇನೆ ಅಂತ ನೀವು ನೆಮ್ಮದಿಯಾಗಿದ್ದೀರಿ. ನಾನು ಚೆನ್ನಾಗಿ ಕಲಿಸಿದೆ ಅಂತ ನಾನೇ ನಿಮಗೆ ಬರೆದೆ. ಸುಳ್ಳಲ್ಲ, ಅರ್ಧ ನಿಜ. ಕಡ್ಡಿಯ ತಪ್ಪು ನನಗೆ ಒಂದು ವಾರ ಎದುರಿಗಿದ್ದೂ ಕಾಣಲಿಲ್ಲ. ಅದನ್ನು ಹಿಡಿದವಳು ನಿಮ್ಮ ಪಕ್ಕದಲ್ಲಿ ಕೂತು ಇದನ್ನು ಓದುತ್ತಿದ್ದಾಳೆ. ಇನ್ನು ಸ್ವಲ್ಪ ದಿನಕ್ಕೆ ಕಳೆಯುವ ಲೆಕ್ಕ ಬರುತ್ತದೆ, ಆಮೇಲೆ ಹತ್ತು ದಾಟಬೇಕು. ಹತ್ತು ದಾಟಿಸುವುದು ನನಗೆ ಬಾರದು. ಹತ್ತು ಕಡ್ಡಿಯನ್ನು ಒಂದು ಕಟ್ಟು ಮಾಡಿ ತೋರಿಸಿದೆ, ಮಕ್ಕಳು ಕಟ್ಟನ್ನು ಒಂದು ಅಂತಲೇ ಎಣಿಸುತ್ತಾರೆ, ಹತ್ತು ಅಂತ ಒಪ್ಪುವುದಿಲ್ಲ. ನಾನು ಕೂಗುತ್ತೇನೆ, ಅವರು ಹೆದರಿ ಹತ್ತು ಅನ್ನುತ್ತಾರೆ. ಅದು ಕಲಿತದ್ದಲ್ಲ.

ಒಂದನೇ ತಾರೀಕು ಸೋಮವಾರ ಬೆಳಿಗ್ಗೆ ಮೂವತ್ತೆಂಟು ಮಕ್ಕಳು ಬಂದು ಕೂರುತ್ತಾರೆ. ಕುರ್ಚಿಯಲ್ಲಿ ನಾನು ಇರುವುದಿಲ್ಲ. ಗುಬ್ಬಿ ಬಂದರೆ ಅವಳಿರುತ್ತಾಳೆ, ಇಲ್ಲದಿದ್ದರೆ ಯಾರೂ ಇರುವುದಿಲ್ಲ. ಶಾಲೆಯ ಹಿಂದೆ ಟೀಚರ್ ವಾಸಕ್ಕೆ ಅಂತ ಒಂದು ಕೋಣೆ ಇದೆ, ನೆಲಮಟ್ಟ, ಹೊಸಿಲು ತಗ್ಗು, ತಡವರಿಸಿಕೊಂಡು ಓಡಾಡಬಹುದು. ಮೂರು ಜನಕ್ಕೆ ಸಾಕು. ಕಿಟಕಿಯಿಂದ ಮಕ್ಕಳ ಸದ್ದು ಕೇಳಿಸುತ್ತದೆ. ಪತ್ರದಲ್ಲಿ ಕೇಳಿ ನಿಮಗೆ ಅವರಲ್ಲಿ ಕೆಲವರು ಗೊತ್ತಲ್ಲ, ದನಿಯೂ ಗೊತ್ತಾಗಲಿ. ನೀವು ಅವಳನ್ನು ಕಳಿಸಬೇಕಾಗಿಲ್ಲ, ಅವಳ ಜೊತೆ ಬನ್ನಿ ಅನ್ನುತ್ತಿದ್ದೇನೆ.

ಭಾವ


ಆಗಸ್ಟ್ 26

ಭಾವ,

ನನ್ನನ್ನು ಒಂದು ಮಾತು ಕೇಳದೆ ಹೀಗೆ ಮಾಡಿದಿರಿ. ಚಿಲಕ ಅಂದದ್ದು ನಾನೇ, ಆದರೆ ನೀವು ಬಾಗಿಲನ್ನೇ ಕಿತ್ತು ಹಾಕುತ್ತೀರಿ ಅಂದುಕೊಂಡಿರಲಿಲ್ಲ. ಈಗ ನಾನು ಬರದಿದ್ದರೆ ನನ್ನ ಕೆಲಸವೂ ಇಲ್ಲ, ನಿಮ್ಮದೂ ಇಲ್ಲ, ಮಕ್ಕಳಿಗೆ ಯಾರೂ ಇಲ್ಲ. ಇಷ್ಟು ಭಾರವನ್ನು ನನ್ನ ತಲೆ ಮೇಲೆ ಇಟ್ಟು, ಎಲ್ಲೂ ಹಾರಿಸದೆ ಓದು ಅಂದಿರಿ. ಓದಿದೆ. ದನಿ ನಡುಗಿತು. ಅತ್ತೆಗೆ ಅದೂ ಕೇಳಿಸಿತು.

ಸಂಜೆ ತನಕ ಅವರು ಎಲ್ಲಿಗೆ ಅಂತ ಕೇಳಲೇ ಇಲ್ಲ, ಬೇಕೆಂದೇ ಎರಡು ಸಲ ಬಾಗಿಲವರೆಗೆ ಹೋಗಿ ಬಂದೆ. ಮಾರನೆಯ ದಿನ ತಲೆಗೆ ಎಣ್ಣೆ ಹಚ್ಚುವಾಗ, “ಆ ಕೆಂಪು ದಾರದ ಹುಡುಗಿ ಸೋಮವಾರ ಗುಂಡಿ ಯಾರ ಹತ್ರ ಕೊಡ್ತಾಳೆ?” ಅಂತ ಕೇಳಿದರು.

ಗೊತ್ತಿಲ್ಲ ಅಂದೆ.

“ಕೋಣೇಲಿ ನಲ್ಲಿ ಒಳಗಿದ್ಯೋ ಹೊರಗಿದ್ಯೋ?”

“ಹೊರಗೆ.”

“ಹೊರಗಾ” ಅಂದರು. ಅಷ್ಟೆ. ಅದು ಬರುತ್ತೇನೆ ಅಂತಲೋ, ಬರುವುದಿಲ್ಲ ಅನ್ನುವುದಕ್ಕೆ ಕಾರಣ ಹುಡುಕುತ್ತಿದ್ದಾರೋ ಗೊತ್ತಿಲ್ಲ. ಸೂಟ್‌ಕೇಸು ಅಟ್ಟದ ಮೇಲಿದೆ. ಇಳಿಸಿದರೆ ಸದ್ದಾಗುತ್ತದೆ. ಶನಿವಾರ ಇವರು ಬರುತ್ತಾರೆ. ಭಾನುವಾರ ಎರಡು ಬಸ್ಸಿದೆ. ಬರುತ್ತೇನೆ ಅಂತ ಬರೆಯಲು ಧೈರ್ಯ ಇಲ್ಲ, ಬರುವುದಿಲ್ಲ ಅಂತ ಬರೆಯಲು ಕೈ ಬರುತ್ತಿಲ್ಲ. ಈ ಪತ್ರವನ್ನೂ ಅತ್ತೆಗೆ ಓದಿ ತೋರಿಸಿಯೇ ಹಾಕುತ್ತಿದ್ದೇನೆ. ಮುಚ್ಚುಮರೆ ಸಾಕಾಗಿದೆ.

ಹತ್ತರ ಕಟ್ಟನ್ನು ನೀವು ಕಟ್ಟಿ ಕೊಡಬೇಡಿ. ಅವರೇ ಎಣಿಸಿ, ಅವರೇ ಕಟ್ಟಲಿ. ತಾವು ಕಟ್ಟಿದ್ದರಲ್ಲಿ ಎಷ್ಟಿದೆ ಅಂತ ಅವರಿಗೆ ಗೊತ್ತಿರುತ್ತದೆ.

ಗುಬ್ಬಿ


ಆಗಸ್ಟ್ 30, ಶನಿವಾರ

ಗುಬ್ಬಿ,

ಮಕ್ಕಳು ಹೋಗಿ ಬಹಳ ಹೊತ್ತಾಯಿತು. ನಿನ್ನ ಕುರ್ಚಿಯಲ್ಲೇ ಕೂತು ಬರೆಯುತ್ತಿದ್ದೇನೆ. ಇವತ್ತು ಅವರೇ ಎಣಿಸಿ ಕಟ್ಟಿದರು. ಅರ್ಧ ಕಟ್ಟು ಒಂಬತ್ತರದು, ಕೆಲವು ಹನ್ನೊಂದರದು, ಕೆಮ್ಮಣ್ಣನ ಕಟ್ಟಿನಲ್ಲಿ ಒಂದು ಪೆನ್ಸಿಲ್ಲೂ ಸೇರಿದೆ. ಬಿಚ್ಚಿ ಸರಿ ಮಾಡಲು ಕೈ ತುರಿಸಿತು. ಸುಮ್ಮನಿದ್ದೆ. ಹಾಗೇ ಬೀರುವಿನಲ್ಲಿ ಇಟ್ಟಿದ್ದೇನೆ. ಸರಿ ಮಾಡುವುದು ಸೋಮವಾರದವರ ಕೆಲಸ, ಆ ಸೋಮವಾರದವರು ಯಾರೇ ಆಗಿರಲಿ. ದರ್ಜಿಯವಳ ಮಗಳು ಗುಂಡಿ ಎಣಿಸಿಕೊಂಡು, “ಸೋಮವಾರ?” ಅಂದಳು. ಅವಳಿಗೆ ಸುಳ್ಳು ಹೇಳುವುದು ಆಗಲಿಲ್ಲ. “ನೋಡೋಣ ಕಣಮ್ಮ” ಅಂದೆ. ದೊಡ್ಡವರು ಹೀಗೆ ಅಂದರೆ ಏನು ಅರ್ಥ ಅಂತ ಅವಳಿಗೆ ಗೊತ್ತು. ಗುಂಡಿಗಳನ್ನು ಜೇಬಿಗೆ ಹಾಕಿಕೊಂಡು ಹೋದಳು.

ಮುಚ್ಚುಮರೆ ಸಾಕು ಅಂದೆಯಲ್ಲ, ನನ್ನದೂ ಒಂದಿದೆ. ಜೂನ್‌ನಿಂದ ನಾನು ನಿನ್ನ ಕೋಣೆಯಲ್ಲೇ ಇದ್ದೇನೆ. ರಿಟೈರಾದ ಮೇಲೆ ಮಿಲ್ಲಿನವರು ಕ್ವಾರ್ಟರ್ಸ್ ಬಿಡಿಸಿದರು, ಸಾಮಾನೆಲ್ಲ ಕೊಟ್ಟುಬಿಟ್ಟು ಒಂದು ಪೆಟ್ಟಿಗೆ ಇಟ್ಟುಕೊಂಡು ಇಲ್ಲಿಗೆ ಬಂದೆ. ನಿನಗೆ ಗೊತ್ತಾದರೆ ನನ್ನನ್ನು ಏಳಿಸಬಾರದು ಅಂತ ನೀನು ಬರಲು ಹಿಂದುಮುಂದು ನೋಡುತ್ತೀಯ ಅಂತ ಹೇಳಲಿಲ್ಲ. ‘ನಿಧಾನವಾಗಿ ಬಾ’ ಅಂತ ಜುಲೈನಲ್ಲಿ ಬರೆದೆನಲ್ಲ, ಅದರಲ್ಲಿ ಕಾಳಜಿ ಎಷ್ಟು, ಈ ಕೋಣೆ ಎಷ್ಟು, ಬೆಳಿಗ್ಗೆ ಆ ಮಕ್ಕಳು ತಾತ ಅನ್ನುವುದು ಎಷ್ಟು ಅಂತ ನನಗೇ ಬಿಡಿಸಿ ಹೇಳಲು ಬಾರದು. ನೀನು ಬಂದರೆ ನಾನು ಹೊರಡಬೇಕು, ನೀನು ಬರದಿದ್ದರೂ ಹೊರಡಬೇಕು, ಹಾಗೆ ನಾನೇ ಮಾಡಿಕೊಂಡೆ. ಬೇರೆ ಹೇಗೆ ಮಾಡಿದ್ದರೂ, ಬಸ್ಸಿನ ಸದ್ದು ಕೇಳಿದಾಗ ನೀನು ಅದರಲ್ಲಿ ಇರಬಾರದು ಅಂತ ನನ್ನೊಳಗೆ ಯಾವನೋ ಒಬ್ಬ ಕೂತು ಕಾಯುತ್ತಿದ್ದ. ಅವನ ಬಾಯಿ ಮುಚ್ಚಿಸಲು ಇದೊಂದೇ ದಾರಿ ಇತ್ತು. ಅಣ್ಣನ ಮನೆಗೆ ಬರೆದಿದ್ದೇನೆ, ನಡುಮನೆಯಲ್ಲಿ ಮಂಚ ಹಾಕಿಸುತ್ತೇನೆ ಅಂದಿದ್ದಾನೆ. ಪೆಟ್ಟಿಗೆ ಕಟ್ಟಿದ್ದೇನೆ. ಕೋಣೆ ಗುಡಿಸಿದ್ದೇನೆ. ನಲ್ಲಿಯ ಹತ್ತಿರ ಪಾಚಿ ಇತ್ತು, ಉಜ್ಜಿದೆ, ಅಮ್ಮನವರು ಜಾರಬಾರದು.

ಇದನ್ನು ಈಗ ಡಬ್ಬಿಗೆ ಹಾಕಿದರೆ ನಿನಗೆ ಮಂಗಳವಾರವೋ ಬುಧವಾರವೋ. ಅಷ್ಟರಲ್ಲಿ ಸೋಮವಾರ ಕಳೆದಿರುತ್ತದೆ. ಆದ್ದರಿಂದ ಬಾ ಅನ್ನಲು ಬರೆಯುತ್ತಿಲ್ಲ. ಇದನ್ನು ನೀನು ಓದುತ್ತಿದ್ದೀಯ ಅಂದರೆ ಅಮ್ಮನವರ ಪಕ್ಕದಲ್ಲಿ ಕೂತಿದ್ದೀಯ, ಎದುರಿಗೆ ಆ ಗೋಡೆ ಇದೆ. ಹಾಗಿದ್ದರೆ ಗಟ್ಟಿಯಾಗಿ ಓದು, ಯಾರ ಮೇಲೂ ಕೋಪ ಇಲ್ಲ ಅನ್ನುವುದು ಇಬ್ಬರಿಗೂ ಕೇಳಿಸಲಿ. ಆದರೆ ನನಗೆ ಬೇಕಾದದ್ದು ಅದಲ್ಲ. ಅಂಚೆಯವನು ಸೈಕಲ್ ನಿಲ್ಲಿಸಿ ಕೂಗಬೇಕು, ಯಾರೂ ಏಳಬಾರದು. ಬಾಗಿಲ ಸಂದಿಯಿಂದ ಇದನ್ನು ಒಳಗೆ ತಳ್ಳಿ ಹೋಗಬೇಕು. ಇದು ಅಲ್ಲೇ ನೆಲದ ಮೇಲೆ ಬಿದ್ದಿರಬೇಕು, ಓದುವವರು ಒಬ್ಬರೂ ಮನೆಯಲ್ಲಿ ಇಲ್ಲದೆ.

ಅಷ್ಟು ಆಸೆಯಿಂದ ನಾನು ಯಾವ ಪತ್ರವನ್ನೂ ಬರೆದಿಲ್ಲ, ಯಾರೂ ಓದದಿರಲಿ ಅಂತ.

ಇನ್ನೂ ಏನೋ ಹೇಳುವುದಿತ್ತು. ದೊಡ್ಡ ಟೀಚರ್ ಬೀಗದ ಕೈ ಅಲ್ಲಾಡಿಸುತ್ತಾ ವರಾಂಡದಲ್ಲಿ ಓಡಾಡುತ್ತಿದ್ದಾರೆ. ತಲೆ ಎತ್ತಿ ನೋಡಿದರೆ ಹಿಂದಿನ ಬೆಂಚುಗಳು ಆಗಲೇ ಕಾಣುತ್ತಿಲ್ಲ, ಈ ಸಾಲು ಕೂಡ ಅಂದಾಜಿನ ಮೇಲೆ ಬರೆಯುತ್ತಿದ್ದೇನೆ. ಬೆಳಕು ಹೋಗುತ್ತಿದೆ ಗುಬ್ಬಿ.